ಎದೆಗೌದಿ

ಮೈಲಾರವ್ವನ ಕುಬಸ ಒದ್ದೆಯಾದದ್ದನ್ನು ಆ ವರ್ಷ ಯಾರೂ ನೋಡಲಿಲ್ಲ. ನನ್ನ ಕುಬಸ ಒಣಗಿದ್ದನ್ನು ಬಹಳ ದಿನ ಯಾರೂ ನೋಡಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಬಾಣಂತಿಯರು, ಒಂದೇ ಒಲೆಯ ರೊಟ್ಟಿ, ನೆಲದೊಳಗಿನ ಒಂದೇ ಹಗೇವಿನ ಜೋಳ. ಅವಳು ಬೆಳಿಗ್ಗೆ ಉಟ್ಟ ಹಾಗೆಯೇ ಸಂಜೆಯವರೆಗೂ ನೆಟ್ಟಗೆ ಓಡಾಡುವಳು. ನಾನು ಊಟಕ್ಕೆ ಕೂರುವಷ್ಟರಲ್ಲಿ ಎದೆಯ ಮೇಲೆ ಎರಡು ಒದ್ದೆ ಬಿಲ್ಲೆ ಮೂಡಿಸಿಕೊಂಡು ಸೆರಗು ಎಳೆದುಕೊಳ್ಳುವವಳು. ನನಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚೆಂದದ ಹೆಸರಿದ್ದರೆ ಓದಿದವರು ಇಟ್ಟುಕೊಳ್ಳಲಿ, ನನಗಿದ್ದದ್ದು ಹೊಟ್ಟೆಕಿಚ್ಚೇ.

ಮೈಲಾರವ್ವ ನನ್ನ ನೆಗೆಣ್ಣಿ, ನನ್ನ ಗಂಡ ಶಿದ್ಲಿಂಗಪ್ಪನ ಅಣ್ಣ ಬಸವಣ್ಣೆಪ್ಪನ ಹೆಂಡತಿ. ತವರು ಕಲಘಟಗಿ ಕಡೆಯ ದೇವಿಕೊಪ್ಪ. ಭತ್ತದ ನಾಡಿನಿಂದ ನಮ್ಮ ಕುಬಿಹಾಳದ ಎರೆಹೊಲಕ್ಕೆ ಬಂದವಳು. ಎತ್ತರದ ಹೆಂಗಸು, ಮಾತು ಕಡಿಮೆ. ತಾಳಿಯ ಸರದಲ್ಲಿ ಎಲ್ಲರೂ ಪಿನ್ನು ಸಿಗಿಸಿಕೊಂಡರೆ ಅವಳು ದಾರ ಸುತ್ತಿದ ಸೂಜಿ ಸಿಗಿಸಿಕೊಳ್ಳುತ್ತಿದ್ದಳು. ಹರಿದ ಬಟ್ಟೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಹಳೆಯ ಬಟ್ಟೆಯ ಪದರ ಸೇರಿಸಿ ಅವಳು ಹೊಲಿದ ಕೌದಿಯ ಹೊಲಿಗೆ ಎಷ್ಟು ಒತ್ತೊತ್ತಾಗಿರುತ್ತಿತ್ತೆಂದರೆ ಎರಡು ಹೊಲಿಗೆಯ ನಡುವೆ ಉಗುರು ಇಳಿಯುತ್ತಿರಲಿಲ್ಲ. ನಮ್ಮ ಓಣಿಯ ಹೆಂಗಸರು ಮಗಳ ಮದುವೆಗೆ ಕೌದಿ ಬೇಕೆಂದರೆ ಹಳೆಯ ಸೀರೆ ತಂದು ಇವಳ ಮುಂದೆ ಸುರಿಯುತ್ತಿದ್ದರು.

ಆದರೆ ಮದುವೆಯಾಗಿ ಬಹಳ ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಊರವರ ತೊಟ್ಟಿಲಿಗೆಲ್ಲ ಕೌದಿ ಹೊಲಿದುಕೊಟ್ಟಳು, ತನ್ನ ತೊಟ್ಟಿಲು ಮಾತ್ರ ಅಟ್ಟದ ಮೇಲೆಯೇ ಉಳಿಯಿತು. ನಾನು ಆ ಮನೆಗೆ ಕಾಲಿಟ್ಟದ್ದು ಎಪ್ಪತ್ಮೂರನೆಯ ಇಸವಿಯಲ್ಲಿ. ವರ್ಷ ತುಂಬುವುದರೊಳಗೆ ನಾನು ಬಸುರಾದೆ. ದೇವರ ಆಟವೋ ಏನೋ, ಅದರ ಬೆನ್ನಿಗೇ ಅವಳೂ ಬಸುರಾದಳು. ಅತ್ತೆ ಊರೆಲ್ಲ ಹೇಳಿಕೊಂಡು ತಿರುಗಿದಳು.

"ಹನಮವ್ವನ ಕಾಲ್ಗುಣ ನೋಡ್ರಿ. ತಾನೂ ತುಂಬಿದ್ಲು, ದೊಡ್ಡಾಕಿ ಉಡಿನೂ ತುಂಬಿಸಿದ್ಲು."

ಈ ಮಾತನ್ನು ಮೈಲಾರವ್ವನ ಎದುರಿಗೇ ಆಡುತ್ತಿದ್ದಳು. ಅವಳು ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವಳ ಬಸುರೂ ನನ್ನ ಪುಣ್ಯದ್ದು ಎಂದು ಊರು ಹೇಳುವಾಗ ಅವಳಿಗೆ ಏನಾಗುತ್ತಿತ್ತೋ ನಾನು ಕೇಳಲಿಲ್ಲ. ನನಗೆ ಖುಷಿಯಾಗಿತ್ತು.

ಖುಷಿ ಹೆರಿಗೆಯವರೆಗೆ ಬಂತು. ಅವಳಿಗೆ ಗಂಡು, ಕರಿಸಿದ್ದಪ್ಪ. ನನಗೆ ಹೆಣ್ಣು, ದ್ಯಾಮವ್ವ. ಇಬ್ಬರೂ ತವರಿನ ಬಾಣಂತನ ಮುಗಿಸಿ ತೊಟ್ಟಿಲು ತಂದ ಮೇಲೆ ನೋಡಬೇಕಿತ್ತು. ನನ್ನ ದ್ಯಾಮವ್ವ ಓಣಿಯ ಆ ತುದಿಗೆ ಕೇಳುವ ಹಾಗೆ ಬಾಯಿ ಮಾಡುವವಳು. ಅವಳ ಕರಿಸಿದ್ದ ಕುಲಾಯಿ ಕಣ್ಣಿನವರೆಗೆ ಎಳೆಸಿಕೊಂಡು, ಕುಂಚಿಗೆಯಲ್ಲಿ ಸುತ್ತಿಸಿಕೊಂಡು ಸದ್ದಿಲ್ಲದೆ ಮಲಗಿರುವವನು.

"ಎಂಥಾ ಶಾಣ್ಯಾ ಕೂಸು, ಅಳೂದ ಇಲ್ಲ," ಎಂದು ಬಂದವರೆಲ್ಲ ಅವನನ್ನೇ ಹೊಗಳುವರು. ಆಮೇಲೆ ನನ್ನ ಕುಬಸ ನೋಡಿ, "ಇದೇನವಾ, ಮೈಯೆಲ್ಲಾ ತೋಯಿಸ್ಕೊಂಡೀದಿ," ಅನ್ನುವರು. ಗಂಡು ಮಗು ಅವಳದು, ಅಳದ ಮಗು ಅವಳದು, ಒಣ ಕುಬಸವೂ ಅವಳದು. ನನ್ನ ಪಾಲಿಗೆ ಏನು ಉಳಿಯಿತು ಎಂದು ಹಿತ್ತಿಲಲ್ಲಿ ಪಾತ್ರೆ ಕುಕ್ಕುತ್ತಿದ್ದೆ.

ಒಂದು ದಿನ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಇಬ್ಬರೂ ಕುಂದಗೋಳದ ಸಂತೆಗೆ ಹೊರಟೆವು. ನಾನು ತವರಿನವರು ಕೊಟ್ಟ ಕೆಂಪು ಖಣದ ಕುಬಸ ತೊಟ್ಟಿದ್ದೆ. ಬಸ್ಸಿನಲ್ಲಿ ನಮ್ಮೂರ ಪಿಂಜಾರರ ಮನೆಯ ಜರೀನಾಬಿ ಎದುರು ಕೂತಿದ್ದಳು, ಅವಳ ತೊಡೆಯ ಮೇಲೆ ಎಳೆಯ ಕೂಸು. ಅದು ಒಮ್ಮೆ ಕಿರ್ ಎಂದು ಅತ್ತಿತು. ಅಷ್ಟೇ. ನನ್ನ ಎದೆ ಜುಂ ಎಂದಿತು, ಹಾಲು ಇಳಿದೇ ಬಿಟ್ಟಿತು. ಖಣದ ಕೆಂಪು ಕಪ್ಪಾಗಿ, ಸೆರಗು ತೋಯ್ದು, ತೊಡೆಯ ಮೇಲಿದ್ದ ಚೀಲಕ್ಕೂ ತಟಕಿತು. ಕಂಡಕ್ಟರ ಬೇರೆ ಕಡೆ ನೋಡಿದ.

ಜರೀನಾಬಿ ನಕ್ಕಳು. "ಏನ್ ಹನಮವ್ವ, ನನ್ನ ಕೂಸು ಅತ್ರ ನಿನಗ ಹಾಲು ಬರ್ತಾವಲ್ಲ. ನಸೀಬ ಮಾಡೀದಿ ಬಿಡು."

"ಸುಡ್ಲಿ ಈ ನಸೀಬ," ಅಂದೆ ನಾನು. ಬಾಜು ಕೂತಿದ್ದ ಮೈಲಾರವ್ವ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ನನ್ನನ್ನು ನೋಡಿ ನಗು ತಡೆದುಕೊಳ್ಳುತ್ತಿದ್ದಾಳೆ ಎಂದೇ ತಿಳಿದೆ. ಅವತ್ತು ಸಂತೆಯಲ್ಲಿ ನಾನು ಚೀಲವನ್ನು ಎದೆಗೆ ಅವಚಿಕೊಂಡೇ ತಿರುಗಿದೆ.

ಅಲ್ಲಿಂದ ಶುರುವಾಯಿತು ಎದೆಗೆ ಏನು ಇಟ್ಟುಕೊಳ್ಳಬೇಕೆಂಬ ನನ್ನ ಹುಡುಕಾಟ. ಜರೀನಾಬಿ ಹಿಂಜಿದ ಅರಳೆ ತಂದುಕೊಟ್ಟಳು, ಹೂವಿನಂಥ ಜಯಧರ ಹತ್ತಿ. ಇಟ್ಟುಕೊಂಡಾಗ ಸುಖವಾಗಿತ್ತು. ಹಾಲು ಕುಡಿದ ಮೇಲೆ ಅದು ಮುದ್ದೆಯಾಗಿ ಒಂದು ಮೂಲೆಗೆ ಸರಿಯಿತು, ಎಳೆ ಎಳೆ ಮೈಗೆ ಅಂಟಿತು, ದ್ಯಾಮವ್ವನ ಬಾಯಲ್ಲಿ ಹತ್ತಿ ಬಂತು. ಹಳೆಯ ಖಣದ ತುಂಡು ಇಟ್ಟೆ, ಅದು ಹಾಲನ್ನು ಒಳಗೆ ಬಿಟ್ಟುಕೊಳ್ಳದೆ ಹೊಟ್ಟೆಯ ಮೇಲೆ ಹರಿಯಗೊಟ್ಟಿತು. ಕುರಿಗಾರರ ಕಂಬಳಿಯ ತುಂಡು ಹಾಲೇನೋ ಹಿಡಿಯಿತು, ಆದರೆ ಚುಚ್ಚಿ ಚುಚ್ಚಿ ನನ್ನ ಜೀವ ತಿಂದಿತು. ಸಿಟ್ಟು ಬಂದು ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆ ತೊಳೆದು ಕತ್ತರಿಸಿ ಇಟ್ಟೆ. ಹೊರಗೆ ಒಂದು ಹನಿ ಬರಲಿಲ್ಲ. ಒಳಗೆ ಮೈ ಬೆಂದು ಗುಳ್ಳೆ ಎದ್ದವು.

ಶಾಲೆಯ ಪಂಢರಿನಾಥ ಮಾಸ್ತರರ ಹೆಂಡತಿ ಲೀಲಾಬಾಯಿ ಆ ಗುಳ್ಳೆ ನೋಡಿ ಬೈದರು. "ಪ್ಲಾಸ್ಟಿಕ್ ಯಾರರ ಇಡ್ತಾರೇನು? ಹಳೇ ಧೋತರ ಇರ್ತದಲ್ಲ, ನಾಕು ಪದರ ಮಾಡಿ ಇಡು. ತೋದ ಕೂಡಲೆ ಬದಲಿ ಮಾಡು, ಇಲ್ಲಾಂದ್ರ ಎದಿ ಥಂಡಿ ಆಗ್ತದ."

ಧೋತರದ ಪದರ ಒಳ್ಳೆಯದೇ, ಆದರೆ ನಡೆದರೆ ಬಿಚ್ಚಿಹೋಗುತ್ತಿತ್ತು. ಅದಕ್ಕೆ ನನ್ನ ಅತ್ತೆ ದಾರಿ ತೋರಿಸಿದಳು. ರೊಟ್ಟಿಯ ಉಂಡೆಯಷ್ಟು ದುಂಡಗೆ ಕತ್ತರಿಸಿ, ಪದರದ ಮೇಲೆ ಪದರ ಇಟ್ಟು, ಕೌದಿಯ ಹಾಗೆ ಸುತ್ತಲೂ ಹೊಲಿಗೆ ಹಾಕಿಬಿಡಿ ಅಂದಳು. ಅದಕ್ಕೆ ಎದೆಗೌದಿ ಎಂದು ಹೆಸರಿಟ್ಟವಳೂ ಅವಳೇ.

"ಹೊಟ್ಟಿ ತುಂಬ್ಸೂದು ಮರೀಬ್ಯಾಡ್ರಿ ಮತ್ತ," ಅಂದಳು.

ಇದು ನಮ್ಮ ಅತ್ತೆಯ ಮನೆಯ ಪದ್ಧತಿ. ಕೌದಿ ಹೊಲಿದು ಮುಗಿಸುವ ಮುಂಚೆ ಒಂದು ಅಂಚು ಬಿಟ್ಟು, ಅದರೊಳಗೆ ಜೋಳದ ಕಾಳು ಹಾಕಿ ಆಮೇಲೆ ಮುಚ್ಚಬೇಕು. ಖಾಲಿ ಹೊಟ್ಟೆಯ ಕೌದಿ ಮನೆಯಲ್ಲಿ ಇರಬಾರದು ಎಂದು ಅವಳ ಹಟ. ಎದೆಗೌದಿಯೂ ಕೌದಿಯೇ ಅಲ್ಲವೇ, ಪ್ರತಿಯೊಂದರ ಅಂಚಿನಲ್ಲೂ ಒಂದೊಂದು ಕಾಳು ಬಿತ್ತು. ಇನ್ನೊಂದು ಮಾತನ್ನೂ ಅವಳು ಹೇಳಿದಳು. "ಒಬ್ಬಾಕಿ ಎದಿಗೌದಿ ಇನ್ನೊಬ್ಬಾಕಿ ಮುಟ್ಟಬಾರ್ದು. ಮುಟ್ಟಿದ್ರ ಹಾಲು ಮುಟ್ಟಿದಾಕಿ ಕಡೆ ಹೊಕ್ಕಾವು."

ಮೈಲಾರವ್ವನೂ ಹೊಲಿದುಕೊಂಡಳು. ನಾನು ಒಂದು ಮುಗಿಸುವುದರಲ್ಲಿ ಅವಳು ರಾಶಿ ಹಾಕಿದಳು, ಒಂದಕ್ಕಿಂತ ಒಂದು ಚೆಂದ, ನಡುವಿನಿಂದ ಅಂಚಿನವರೆಗೆ ಸುತ್ತಿ ಸುತ್ತಿ ಬಂದ ಹೊಲಿಗೆ. ನನ್ನವು ಕಪ್ಪೆಯ ಹೆಜ್ಜೆಯಂತೆ ಅಲ್ಲೊಂದು ಇಲ್ಲೊಂದು. ಹಿತ್ತಿಲಲ್ಲಿ ಬೇವಿನ ಗಿಡದಿಂದ ಗೋಡೆಗೆ ಕಟ್ಟಿದ ಹಗ್ಗದಲ್ಲಿ ಆ ಕಡೆ ಅರ್ಧ ಅವಳದು, ಈ ಕಡೆ ಅರ್ಧ ನನ್ನದು. ದಿನಾ ಎರಡೂ ಕಡೆ ಎದೆಗೌದಿಗಳು ತೂಗುತ್ತಿದ್ದವು. ಅವಳು ಬಟ್ಟೆಯನ್ನೆಲ್ಲ ಬಕೀಟಿನಿಂದ ತೆಗೆದು ಹಿಂಡಿ ಹಾಕಿದರೆ, ಎದೆಗೌದಿಗಳನ್ನು ಮಾತ್ರ ಸೆರಗಿನ ಮರೆಯಿಂದ ತೆಗೆದು ಹಾಕುವಳು. ನಾಚಿಕೆ ಇದ್ದೀತು ಅಂದುಕೊಂಡೆ.

ಎದೆಗೌದಿ ಬಂದ ಮೇಲೂ ನನ್ನ ಕುಬಸ ತೋಯುವುದು ನಿಲ್ಲಲಿಲ್ಲ, ಕಡಿಮೆಯಾಯಿತು ಅಷ್ಟೆ. ಅವಳ ಕಡೆ ಒಂದು ಕಲೆಯೂ ಇಲ್ಲ. ಒಂದು ಸಲ ಒದ್ದೆ ಎದೆಗೌದಿಗಳನ್ನು ಬಚ್ಚಲ ಒಲೆಯ ಹಿಂದೆ ಬುಟ್ಟಿಯಲ್ಲಿ ಹಾಕಿ ಮರೆತುಬಿಟ್ಟೆ. ಎತ್ತಿ ನೋಡಿದರೆ ಒಂದರ ಅಂಚಿನಿಂದ ಬೆಳ್ಳಗೆ ಮೊಳಕೆ ಹೊರಗೆ ಇಣುಕಿತ್ತು. ಅತ್ತೆ ನಕ್ಕು ನಕ್ಕು ಸುಸ್ತಾದಳು.

"ನಮ್ಮ ಹನಮವ್ವನ ಎದಿಮ್ಯಾಲ ಬಿತ್ತಗಿ ಆಗೇತ್ರಿ," ಎಂದು ಬಾಗಿಲಿಗೆ ಬಂದವರಿಗೆಲ್ಲ ಸಾರಿದಳು. ಮೈಲಾರವ್ವ ಅಪರೂಪಕ್ಕೆ ಬಾಯಿ ತೆರೆದಳು.

"ನನ್ನವು ಮೊಳೆಯೂದುಲ್ಲ ನೋಡು. ಎಲ್ಲಾ ಹೊಲಿಗೀಮ್ಯಾಲ ಐತಿ ತಂಗಿ."

ಮೈ ಉರಿದುಹೋಯಿತು ನನಗೆ. ಹೊಲಿಗೆಯಂತೆ ಹೊಲಿಗೆ. ಅದೇ ಧೋತರ, ಅದೇ ಪದರ, ಅದೇ ದಾರ. ಇವಳು ಒಳಗೆ ಬೇರೆ ಏನೋ ಇಟ್ಟಿದ್ದಾಳೆ, ದೇವಿಕೊಪ್ಪದಿಂದ ಏನೋ ನಾರು ಬೇರು ತಂದಿದ್ದಾಳೆ, ನನಗೆ ಗೊತ್ತಾಗದಿರಲಿ ಎಂದು ಹೊಲಿಗೆಯ ಕಥೆ ಹೇಳುತ್ತಾಳೆ ಎಂದು ಲೆಕ್ಕ ಹಾಕಿದೆ. ಕೇಳಿದರೆ ಹೇಳುವವಳಲ್ಲ. ಮರುದಿನ ಮಧ್ಯಾಹ್ನ ಅತ್ತೆ ಹೊಲಕ್ಕೆ ಬುತ್ತಿ ತೆಗೆದುಕೊಂಡು ಹೋದದ್ದೇ ಹಿತ್ತಿಲಿಗೆ ನಡೆದು, ಹಗ್ಗದ ಆ ಕಡೆಯಿಂದ ಒಂದನ್ನು ಕಿತ್ತುಕೊಂಡೆ. ಮುಟ್ಟಬಾರದು ಎಂಬುದು ನೆನಪಿತ್ತು. ಹಾಲು ನನ್ನ ಕಡೆ ಬಂದರೆ ಬರಲಿ, ಬಂದದ್ದಕ್ಕೇ ಜಾಗವಿಲ್ಲದೆ ಸುರಿಯುತ್ತಿದೆ ಅಂದುಕೊಂಡೆ.

ಹಲ್ಲಿನಿಂದ ದಾರ ಕಡಿದು ಪದರ ಬಿಡಿಸಿದೆ. ಧೋತರ. ಅದರ ಕೆಳಗೆ ಧೋತರ. ಅದರ ಕೆಳಗೂ ಧೋತರ. ನಾರಿಲ್ಲ ಬೇರಿಲ್ಲ. ಅಂಚಿನಿಂದ ಕಾಳು ಅಂಗೈಗೆ ಉದುರಿತು. ದುಂಡಗೆ, ಗಟ್ಟಿಯಾಗಿ, ಅವತ್ತೇ ಹಗೇವಿನಿಂದ ತೆಗೆದ ಹಾಗೆ. ಬಾಯಿಗೆ ಹಾಕಿ ಕಡಿದೆ. ಕಟ್ ಅಂದಿತು.

ಸ್ವಲ್ಪ ಹೊತ್ತು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ದಿನಾ ತೊಳೆದು ಒಣಹಾಕಿದ ಬಟ್ಟೆಯೊಳಗಿನ ಕಾಳು ಹೀಗಿರುವುದು ಸಾಧ್ಯವೇ ಇಲ್ಲ. ಉಬ್ಬಬೇಕು, ಕಪ್ಪಾಗಬೇಕು, ನನ್ನವುಗಳ ಹಾಗೆ ಕೊಳೆಯಬೇಕು. ಇದು ಹಾಲು ಹೋಗಲಿ, ನೀರನ್ನೂ ಕಂಡಿರಲಿಲ್ಲ. ಅವಳು ಒಣ ಎದೆಗೌದಿಯನ್ನು ಹಗ್ಗಕ್ಕೆ ಹಾಕಿ ಒಣ ಎದೆಗೌದಿಯನ್ನೇ ತೆಗೆದುಕೊಂಡು ಹೋಗುತ್ತಿದ್ದಳು.

ಸಿಕ್ಕಿಬಿದ್ದಳು ಅಂದುಕೊಂಡೆ ನಾನು. ಮೊದಲು ಬಂದದ್ದು ಅದೇ ಮಾತು, ಮತ್ತೇನೂ ಅಲ್ಲ. ಎಲ್ಲಾ ಹೊಲಿಗೀಮ್ಯಾಲ ಐತಿ ತಂಗಿ ಅಂದವಳ ಮುಖಕ್ಕೆ ಅವಳ ಹೊಲಿಗೆಯನ್ನೇ ಎಸೆಯುತ್ತೇನೆ, ಅತ್ತೆ ಬರಲಿ, ಎಲ್ಲರ ಮುಂದೆ ಕೇಳುತ್ತೇನೆ ಎಂದು ಆ ಚಿಂದಿಯನ್ನು ಮುಷ್ಟಿಯಲ್ಲಿ ಹಿಡಿದು ನಡುಮನೆಗೆ ನುಗ್ಗಿದೆ.

ಮೈಲಾರವ್ವ ಗೋಡೆಗೆ ಒರಗಿ ಕೂತಿದ್ದಳು. ಕೂಸು ಎದೆಯಲ್ಲಿತ್ತು. ಸೆಕೆಗೆ ಕುಂಚಿಗೆ ತೆಗೆದಿದ್ದಳು, ಕುಲಾಯಿಯೂ ಇರಲಿಲ್ಲ. ಮನೆಗೆ ತೊಟ್ಟಿಲು ಬಂದ ಮೇಲೆ ಕರಿಸಿದ್ದನನ್ನು ಬಿಚ್ಚುಮೈಯಲ್ಲಿ ನಾನು ನೋಡಿದ್ದು ಅದೇ ಮೊದಲು. ತೊಡೆಯ ಚರ್ಮ ಮಡಿಕೆ ಬಿದ್ದಿತ್ತು. ಪಕ್ಕೆಯ ಎಲುಬುಗಳು ಕಾಣುತ್ತಿದ್ದವು. ಅವನು ಎರಡು ಸಲ ಚೀಪಿ, ಬಾಯಿ ಬಿಟ್ಟು, ಸುಮ್ಮನಾಗಿ, ಮತ್ತೆ ಚೀಪುತ್ತಿದ್ದ. ಪಕ್ಕದಲ್ಲಿ ಬಟ್ಟಲಿನಲ್ಲಿ ಬೆಲ್ಲದ ನೀರು, ಅದರಲ್ಲಿ ಬಟ್ಟೆಯ ಬತ್ತಿ. ಶಾಣ್ಯಾ ಕೂಸು, ಅಳುವುದೇ ಇಲ್ಲ ಎಂದು ಊರು ಹೊಗಳಿದ್ದು ಇದನ್ನು. ಅಳುವುದಕ್ಕೆ ಅದರಲ್ಲಿ ಕಸುವೇ ಇರಲಿಲ್ಲ.

ಅವಳು ನನ್ನ ಮುಷ್ಟಿ ನೋಡಿದಳು.

"ಮುಟ್ಟಿದೇನ ನನ್ನ ಎದಿಗೌದಿ?"

"ಮುಟ್ಟೀನಿ. ಬಿಚ್ಚೀನಿ. ಕಾಳು ಕಡದೂ ನೋಡೀನಿ. ನೀರ ಸೈತ ಕಂಡಿಲ್ಲ ಇದು. ಯಾರಿಗಿ ತೋರ್ಸಾಕ ಈ ನಾಟಕ ಅಕ್ಕ?"

"ಮುಟ್ಟಿದ್ರ ಹಾಲು ಹೊಕ್ಕಾವು ಅಂತ ಅತ್ತಿ ಹೇಳಿದ್ದಿಲ್ಲನು? ಇರೂದೆಲ್ಲಾ ನಿನಗ ಬೇಕು. ನನ್ನ ಬಸರೂ ನಿನ್ನ ಕಾಲ್ಗುಣ, ನನ್ನ ಹಾಲೂ ನಿನಗ ಬೇಕು."

"ಇದ್ರಲ್ಲ ಬರಾಕ," ಅಂದೆ. ಬಾಯಿಂದ ಬಿದ್ದುಹೋಯಿತು.

ಅವಳು ಮಗುವಿನ ಕಾಲು ಕಾಣದ ಹಾಗೆ ಸೆರಗು ಎಳೆದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. "ತವರಮನ್ಯಾಗ ಸ್ವಲ್ಪ ಇತ್ತು. ಸಾಲದ್ದಕ್ಕ ಅವ್ವ ಆಡಿನ ಹಾಲು ಹಾಕ್ತಿದ್ಲು. ಇಲ್ಲಿಗಿ ಬಂದಮ್ಯಾಲ ಅದೂ ಹೋತು. ನಿನ್ನ ಕುಬಸ ತೋಯೂದು ನೋಡಿ ನೋಡಿ ಹೋತು ನೋಡು. ಹಂತಾದ್ರಾಗ ನಾ ಹೆಂಗ ಆಡಿನ ಹಾಲು ಕೇಳ್ಲಿ? ಇಷ್ಟ ವರ್ಷ ಬಂಜಿ ಅನಿಸ್ಕೊಂಡೆ. ಈಗ ಬತ್ತಿದಾಕಿ ಅನಿಸ್ಕೊಳ್ಳೂದಾಗೂದುಲ್ಲ ನನ್ನ ಕಡಿಂದ."

ಒಣ ಕುಬಸ ಕಂಡು ನಾನು ಉರಿದೆ. ಒದ್ದೆ ಕುಬಸ ಕಂಡು ಅವಳು ಉರಿದಿದ್ದಳು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿದ್ದು ನಗು ತಡೆಯುವುದಕ್ಕಲ್ಲ ಎಂಬುದು ಆಗ ನನ್ನ ತಲೆಗೆ ಹೋಯಿತು. ಅಷ್ಟರಲ್ಲಿ ಕರಿಸಿದ್ದ ಒಂದು ಸಣ್ಣ ದನಿ ತೆಗೆದ, ಬೆಕ್ಕಿನ ಮರಿಯಂಥ ದನಿ. ನನ್ನ ಎದೆ ಜುಂ ಎಂದಿತು. ಎದೆಗೌದಿ ತುಂಬಿ, ಕುಬಸ ತುಂಬಿ, ಸೆರಗಿನ ತುದಿಯಿಂದ ನೆಲಕ್ಕೆ ಹನಿ ಬಿತ್ತು. ಮೈಲಾರವ್ವ ಆ ಹನಿಯನ್ನೇ ನೋಡಿದಳು. ಅಂಥ ಆಸೆಯ ನೋಟವನ್ನು ನಾನು ಇನ್ನೊಬ್ಬರ ಮುಖದಲ್ಲಿ ಕಂಡಿಲ್ಲ.

"ಕೊಡು ಇಲ್ಲೆ ಕೂಸಿನ್ನ," ಅಂದೆ.

ಅವಳು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. "ಒಮ್ಮೆ ನಿನ್ನ ಎದಿ ರುಚಿ ಹತ್ತಿದ್ರ ನನ್ನ ಕಡೆ ಬರೂದುಲ್ಲ ಇದು."

"ಬರಾಕ ಮೊದ್ಲು ಉಳೀಬೇಕಲ್ಲ ಅಕ್ಕ."

ಇಷ್ಟು ಕಟುವಾಗಿ ನಾನು ಯಾರ ಜೊತೆಗೂ ಮಾತಾಡಿರಲಿಲ್ಲ. ಅವಳು ಅಳಲಿಲ್ಲ. "ಅತ್ತಿಗಿ ಹೇಳಬ್ಯಾಡ. ಯಾರಿಗೂ ಹೇಳಬ್ಯಾಡ," ಅಂದಳು. ಇಲ್ಲ ಅಂದೆ. ಆಣೆ ಮಾಡು ಅಂದಳು. ದ್ಯಾಮವ್ವನ ತೊಟ್ಟಿಲು ಮುಟ್ಟಿ ಆಣೆ ಮಾಡಿದೆ. ಆಗ ಕೊಟ್ಟಳು, ಕೊಟ್ಟು ಗೋಡೆಯ ಕಡೆ ತಿರುಗಿ ಕೂತಳು. ಕರಿಸಿದ್ದ ನುಂಗುವ ಗುಟುಕು ಸದ್ದು ನಡುಮನೆಯಲ್ಲೆಲ್ಲ ಕೇಳುತ್ತಿತ್ತು. ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ.

ಅಂದಿನಿಂದ ಅತ್ತೆ ಹೊಲಕ್ಕೋ ಹಳ್ಳಕ್ಕೋ ಹೋದಾಗಲೆಲ್ಲ ಅವಳು ಕೂಸನ್ನು ತಂದು ನನ್ನ ಮಡಿಲಿಗೆ ಹಾಕುವಳು. ಅತ್ತೆ ಮನೆಯಲ್ಲಿದ್ದರೆ ದನದ ಕೊಟ್ಟಿಗೆಯಲ್ಲಿ ಕೊಡುತ್ತಿದ್ದಳು. ಕರಿಸಿದ್ದನ ತೊಡೆಯ ಮಡಿಕೆ ತುಂಬಿತು, ಕೆನ್ನೆ ಬಂತು, ದನಿ ಬಂತು. ಕೂಸುಗಳೆರಡೂ ಸೇರಿ ಬಾಯಿ ಮಾಡಿದರೆ ಮನೆಯಲ್ಲಿ ಮಾತು ಕೇಳದಂತಾಯಿತು. ಇಬ್ಬರು ಕುಡಿಯುವಾಗ ಸೋರುವುದಕ್ಕೆ ಏನು ಉಳಿದೀತು? ನನ್ನ ಕುಬಸ ಒಣಗಿತು. ಅಪರೂಪಕ್ಕೆ ತೋಯ್ದ ಎದೆಗೌದಿಯನ್ನು ಅವಳೇ ಒಯ್ದು, ತೊಳೆದು, ಹಗ್ಗದ ತನ್ನ ಕಡೆಗೆ ಹಾಕಿಕೊಳ್ಳುತ್ತಿದ್ದಳು. ನನ್ನ ಕಡೆಯ ಹಗ್ಗ ಬರಿದಾಯಿತು.

ಅದನ್ನು ಮೊದಲು ಕಂಡವಳು ಅತ್ತೆ.

"ಹನಮವ್ವಾ, ನಿನ್ನ ಹಾಲು ಬತ್ತಾಕತ್ತಾವ ಬೇ. ಯಾರದರ ದೃಷ್ಟಿ ತಾಗೇತಿ," ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಹಾಲು ಹೆಚ್ಚಲೆಂದು ಅಳವಿಯ ಪಾಯಸ ಮಾಡಿದಳು, ಅಂಟಿನುಂಡಿ ಕಟ್ಟಿದಳು. ತಿಂದೆ. ತಿಂದದ್ದೆಲ್ಲ ಹಾಲಾಗಿ ಕರಿಸಿದ್ದನ ಹೊಟ್ಟೆಗೆ ಹೋಯಿತು. ಬಾಗಿಲಿಗೆ ಬಂದವರಿಗೆ ಅವಳು ಈಗ ಬೇರೆ ಪಾಠ ಒಪ್ಪಿಸುತ್ತಿದ್ದಳು.

"ಸಣ್ಣಾಕಿದು ಬರೇ ಆರಂಭಶೂರತನ ಆತ್ರಿ. ದೊಡ್ಡಾಕಿನ್ನ ನೋಡ್ರಿ, ಸದ್ದಿಲ್ಲ ಗದ್ದಲಿಲ್ಲ, ಕೂಸು ಹೆಂಗ ಗುಂಡಕಲ್ಲು ಆಗೇತಿ. ತಾಯಿ ಹಾಲಿನ ಕಸುವು ಅಂದ್ರ ಅದು."

ಇಬ್ಬರಿಗೆ ಹಾಲೂಡಿಸಿ ಸೊಂಟ ಬಿದ್ದುಹೋದವಳು ನಾನು, ಬತ್ತಿದವಳು ಅನ್ನಿಸಿಕೊಂಡವಳೂ ನಾನೇ. ಮೈಲಾರವ್ವ ಆ ಹೊಗಳಿಕೆಯನ್ನು ಕೇಳಿ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುವಳು. ಒಂದು ಸಲವಾದರೂ ನನ್ನ ಕಡೆ ನೋಡಬಾರದೇ? ನಾಲಿಗೆಯ ತುದಿಗೆ ಬಂದ ಮಾತನ್ನು ಎಷ್ಟು ಸಲ ಕಚ್ಚಿ ಹಿಡಿದೆನೋ ನನಗೇ ಗೊತ್ತು. ಆಣೆ ಮಾಡಿದ್ದು ನನ್ನ ಮಗಳ ತೊಟ್ಟಿಲು ಮುಟ್ಟಿ, ಇಲ್ಲದಿದ್ದರೆ ಅವತ್ತೇ ಊರಿಗೆಲ್ಲ ಕೇಳುವ ಹಾಗೆ ಕೂಗಿಬಿಡುತ್ತಿದ್ದೆ.

ನಾನು ಬಾಯಿ ಬಿಡಲಿಲ್ಲ, ಬಾಯಿ ಬಿಟ್ಟವನು ಕರಿಸಿದ್ದ. ಗೋಡೆ ಹಿಡಿದು ನಿಲ್ಲುವ ವಯಸ್ಸು ಅವನಿಗೆ. ಕಟ್ಟೆಯ ಮೇಲೆ ಹೆಂಗಸರೆಲ್ಲ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದೆವು. ಅವನು ತಾಯಿಯ ತೊಡೆಯಿಂದ ಇಳಿದು, ಅಂಬೆಗಾಲಿಟ್ಟು ಬಂದು, ನನ್ನ ಸೆರಗಿನೊಳಗೆ ತಲೆ ತೂರಿಸಿ "ಅವ್ವ" ಅಂದ. ಅದು ಅವನ ಮೊದಲ ಮಾತು. ಹೆಂಗಸರು ನಕ್ಕರು. ಲೀಲಾಬಾಯಿ ಅವತ್ತು ಅಲ್ಲೇ ಇದ್ದರು, "ನೆಗೆಣ್ಯಾರ ಪ್ರೀತಿ ನೋಡ್ರಿ, ಕೂಸಿಗೂ ಫರಕ ತಿಳಿವಲ್ದು," ಅಂದರು.

ನಾನು ಅವನನ್ನು ಎತ್ತಿಕೊಂಡೆ. ಎತ್ತಿಕೊಂಡು ಮೈಲಾರವ್ವನ ಮುಖ ನೋಡಿದೆ. ನನಗೆ ಆಗ ಕನಿಕರ ಬರಲಿಲ್ಲ, ಗೆದ್ದ ಹಾಗಾಯಿತು. ಕಾಲ್ಗುಣ, ಒಣ ಕುಬಸ, ತಾಯಿ ಹಾಲಿನ ಕಸುವು ಎಲ್ಲದಕ್ಕೂ ಅದೊಂದು ಮಾತು ಸಾಕು ಅನ್ನಿಸಿತು. ಅವಳು ಎದ್ದು ಬಂದು, ನನ್ನ ಕೈಯಿಂದ ಅವನನ್ನು ಬಿಡಿಸಿಕೊಂಡು ಒಳಗೆ ಹೋದಳು. ಅವನು ನನ್ನ ಕಡೆ ಕೈ ಚಾಚಿ ಕಿರುಚಿಕೊಂಡ.

ಎರಡು ದಿನ ಕಳೆಯುವುದರೊಳಗೆ ತನ್ನ ತಾಯಿಗೆ ಹುಷಾರಿಲ್ಲ ಎಂದು ಹೇಳಿ ಅವಳು ದೇವಿಕೊಪ್ಪಕ್ಕೆ ಹೊರಟಳು. ಅನ್ನ ಕಲಸಿ ಉಣ್ಣಿಸಬಹುದಾದ ಮಗು, ಆಡಿನ ಹಾಲೂ ದಕ್ಕುವ ವಯಸ್ಸು, ಹೋಗಿ ಬಾ ಎಂದರು ಎಲ್ಲರೂ. ತಾಯಿಗೆ ಏನೂ ಆಗಿಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಹೊರಡುವಾಗ ತನ್ನ ಎದೆಗೌದಿಗಳನ್ನೆಲ್ಲ ಒಂದು ಗಂಟು ಕಟ್ಟಿ ನನ್ನ ಹಾಸಿಗೆಯ ಮೇಲೆ ಇಟ್ಟಳು.

"ನನಗ ಇವು ಬೇಕಾಗೂದುಲ್ಲ. ನಿನಗ ಬೇಕಾಕ್ಕಾವು."

ಕರಿಸಿದ್ದನನ್ನು ನನಗೆ ಒಮ್ಮೆ ಎತ್ತಿಕೊಳ್ಳಲೂ ಕೊಡಲಿಲ್ಲ. ಬಸ್ಸು ಹೊರಟಿತು.

ಅವನು ಕುಡಿಯುವ ಹೊತ್ತಿಗೆ ಸರಿಯಾಗಿ ನನ್ನ ಎದೆ ಕಲ್ಲಾಯಿತು. ಮಧ್ಯಾಹ್ನ ಓಣಿಯಲ್ಲಿ ಯಾರದೋ ಮಗು ಅತ್ತರೆ ಹಾಲು ಸುರಿಯಿತು. ದ್ಯಾಮವ್ವ ಎಷ್ಟು ಕುಡಿದಾಳು, ಅವಳ ಪಾಲು ಮೀರಿದ್ದೆಲ್ಲ ಕುಬಸಕ್ಕೆ ಹೋಯಿತು. ಅತ್ತೆಗೆ ಹಿಗ್ಗು. "ನೋಡು, ಆಕಿ ಆಕಡೆ ಹೋಗೂದ ತಡಾ ನಿನ್ನ ಹಾಲು ತಿರುಗಿ ಬಂದ್ವು," ಅಂದಳು. ದೃಷ್ಟಿ ಯಾರದೆಂದು ಅವಳಿಗೆ ಈಗ ಖಾತ್ರಿಯಾಗಿತ್ತು. ನಾನು ಬಚ್ಚಲಿಗೆ ಹೋಗಿ ಹಾಲನ್ನು ಹಿಂಡಿ ಬೂದಿಗೆ ಚೆಲ್ಲುತ್ತ ಅಳುತ್ತಿದ್ದೆ. ಒಂದು ಕಾಲಕ್ಕೆ ಬೇಡ ಬೇಡವೆಂದು ಬೈದ ಹಾಲು. ಅದನ್ನು ಕುಡಿಯುವವನು ಈಗ ದೇವಿಕೊಪ್ಪದಲ್ಲಿ ಆಡಿನ ಹಾಲಿಗೆ ಬಾಯಿ ಹಾಕುತ್ತಿದ್ದಾನೆ, ರಾತ್ರಿ ಅವಳ ಮಗ್ಗುಲಲ್ಲಿ ಮಲಗುತ್ತಾನೆ, ಅವಳನ್ನು ಅವ್ವ ಅನ್ನುವುದು ಕಲಿಯುತ್ತಾನೆ ಎಂದು ನೆನೆದರೆ ಮೈಗೆ ಮೆಣಸಿನಪುಡಿ ಹಚ್ಚಿದಂತಾಗುತ್ತಿತ್ತು.

ನನ್ನ ಎದೆಗೌದಿಗಳು ಹರಿದು ಚಿಂದಿಯಾಗಿದ್ದವು. ಬೇರೆ ದಾರಿಯಿಲ್ಲದೆ ಅವಳ ಗಂಟು ಬಿಚ್ಚಿದೆ. ಮೇಲುಗಡೆಯೇ ನಾನು ಹಲ್ಲಿನಿಂದ ಕಡಿದು ಬಿಡಿಸಿದ್ದು ಇತ್ತು, ಅದನ್ನವಳು ಮತ್ತೆ ಹೊಲಿದಿದ್ದಳು. ಅಂಚು ಒತ್ತಿ ನೋಡಿದೆ, ಒಳಗೆ ಹೊಸ ಕಾಳು ಸಿಕ್ಕಿತು. ಇಟ್ಟುಕೊಂಡೆ. ಬೆಳಿಗ್ಗೆ ಇಟ್ಟುಕೊಂಡದ್ದು ಸಂಜೆಯವರೆಗೂ ಹಿಡಿಯಿತು. ಪದರ ಸರಿಯಲಿಲ್ಲ, ಅಂಚು ಬಿಚ್ಚಲಿಲ್ಲ, ಆ ಸುತ್ತು ಸುತ್ತು ಹೊಲಿಗೆ ಹಾಲನ್ನು ಅಲ್ಲಲ್ಲೇ ಹಂಚಿಕೊಂಡು ಹೊರಗೆ ಒಂದು ಹನಿ ಬಿಡಲಿಲ್ಲ. ಕನ್ನಡಿಯ ಮುಂದೆ ನಿಂತು ನನ್ನ ಒಣ ಕುಬಸ ನೋಡಿಕೊಂಡೆ. ಹಾಲಿಲ್ಲದವಳು ಹೊಲಿದದ್ದು, ಒಂದು ದಿನವೂ ತೊಟ್ಟು ನೋಡದೆ ಹೊಲಿದದ್ದು. ಇದರಲ್ಲೂ ಅವಳೇ ಮೇಲಾದಳಲ್ಲ ಎಂದು ಹಲ್ಲು ಕಡಿದೆ.

ಸುಗ್ಗಿ ಮುಗಿದ ಮೇಲೆ ಅವಳು ಬಂದಳು. ಕರಿಸಿದ್ದ ತಾನೇ ನಡೆದುಕೊಂಡು ಬಾಗಿಲು ದಾಟಿದ. ನಾನು ಕೂತಲ್ಲಿಂದ ಎರಡೂ ಕೈ ಚಾಚಿದೆ. ಅವನು ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿ, "ಅವ್ವಾ" ಎನ್ನುತ್ತ ಮೈಲಾರವ್ವನ ಸೀರೆಯ ಹಿಂದೆ ಅಡಗಿದ. ನನ್ನ ಕೈ ಚಾಚಿದಂತೆಯೇ ಉಳಿಯಿತು. ಎದೆ ಜುಂ ಎಂದಿತು, ಹಾಲು ಇಳಿಯಿತು. ಆ ದನಿಯನ್ನು ಅದು ಮರೆತಿರಲಿಲ್ಲ.

ಮೈಲಾರವ್ವ ನನ್ನ ಕುಬಸದ ಕಡೆ ನೋಡಿದಳು. ಅದು ಒಣಗಿತ್ತು.

"ನಾ ಹೊಲದದ್ದು ಇಟಗೊಂಡೀದೇನ?"

"ಹೂಂ ಅಕ್ಕ."

"ಹಾಲು ಹೊರಗ ಬಂದುವೇನ?"

"ಒಂದ ಹನಿನೂ ಬರಲಿಲ್ಲ."

ಅವಳ ಮುಖ ಅರಳಿತು. ಆ ಮನೆಯಲ್ಲಿ ಅಷ್ಟು ವರ್ಷಗಳಲ್ಲಿ ನಾನು ಕಂಡ ಅವಳ ಒಂದೇ ಒಂದು ತುಂಬು ನಗು ಅದು. ಮಗನನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡು, "ನಾ ಹೇಳಿದ್ದಿಲ್ಲೇನ ತಂಗಿ, ಎಲ್ಲಾ ಹೊಲಿಗೀಮ್ಯಾಲ ಐತಿ ಅಂತ," ಅಂದಳು.

ಹೌದು ಅಂದೆ. ಸೆರಗಿನೊಳಗೆ ಕೈ ಹಾಕಿ ಎದೆಗೌದಿಯನ್ನು ಒತ್ತಿ ಹಿಡಿದುಕೊಂಡು, ಅವರಿಬ್ಬರೂ ಒಳಗೆ ಹೋಗುವುದನ್ನು ನೋಡುತ್ತ ಕೂತೆ.